ಹತ್ತು ಜನರ ಮುಂದೆ ಹೇಳಿಕೊಂಡ ನೋವು ವಾಸಿಯಾಗುವುದು ಹೇಗೆ?

(ಆರಂಭದ ದೃಶ್ಯ: ಮಡಿಕೇರಿಯ ಮಳೆ, ಹಂಚಿನ ಮಾಡಿನಿಂದ ಇಳಿಯುವ ನೀರು. ನಂತರ ನಿರೂಪಕರು.)

ಎಲ್ಲರಿಗೂ ನಮಸ್ಕಾರ. ಸೋಮವಾರಪೇಟೆ ಕಡೆಯ ವೀಕ್ಷಕರೊಬ್ಬರು ನಮಗೆ ಒಂದು ಪ್ರಶ್ನೆ ಕಳುಹಿಸಿದ್ದಾರೆ. ಅವರ ಅಣ್ಣನನ್ನು ಕುಡಿತ ಬಿಡಿಸುವ ಚಿಕಿತ್ಸೆಗೆ ಕರೆದುಕೊಂಡು ಹೋದಾಗ, ವೈದ್ಯರು ಮಾತ್ರೆ ಬರೆದುಕೊಟ್ಟು, ಜೊತೆಗೆ ವಾರಕ್ಕೊಮ್ಮೆ ಬಂದು ಗುಂಪಿನಲ್ಲಿ ಕುಳಿತುಕೊಳ್ಳಬೇಕೆಂದು ಹೇಳಿದರಂತೆ. ಅಣ್ಣ ಮಾತ್ರೆಗೆ ಒಪ್ಪಿದರು, ಗುಂಪಿಗೆ ಒಪ್ಪಲಿಲ್ಲ. ವೀಕ್ಷಕರು ಕೇಳಿರುವುದು ಹೀಗೆ: "ಒಬ್ಬ ಡಾಕ್ಟರ ಮುಂದೆ ಬಾಯಿ ಬಿಡುವುದೇ ಕಷ್ಟವಾಗಿರುವಾಗ, ಹತ್ತು ಜನರ ಮುಂದೆ ಮನೆಯ ಮಾನ ಹರಾಜಿಗಿಟ್ಟರೆ ಅದು ಚಿಕಿತ್ಸೆ ಹೇಗಾಗುತ್ತದೆ? ಇದನ್ನು ಮೊದಲು ಯೋಚಿಸಿದವರಾದರೂ ಯಾರು?"

ಈ ಪ್ರಶ್ನೆ ನನ್ನನ್ನು ಹಿಡಿದು ನಿಲ್ಲಿಸಲು ಒಂದು ಕಾರಣವಿದೆ. 2018ರ ಆಗಸ್ಟ್‌ನಲ್ಲಿ ನಮ್ಮ ಬೆಟ್ಟಗಳು ಜರಿದಾಗ, ಮಡಿಕೇರಿಯ ಪರಿಹಾರ ಕೇಂದ್ರವೊಂದರಲ್ಲಿ ಕಂಬಳಿ ಹಂಚುವ ಕೆಲಸಕ್ಕೆ ನಾನೂ ಕೆಲವು ದಿನ ಹೋಗಿದ್ದೆ. ಮಕ್ಕಂದೂರು ಕಡೆಯಿಂದ ಬಂದಿದ್ದ ಹೆಂಗಸೊಬ್ಬರು ನಾಲ್ಕು ದಿನಗಳಿಂದ ಒಂದೇ ಗೋಡೆಗೆ ಒರಗಿ ಕುಳಿತಿದ್ದರು. ಊಟದ ತಟ್ಟೆ ಕೊಟ್ಟರೆ ತೆಗೆದುಕೊಳ್ಳುತ್ತಿದ್ದರು, ಮಾತಿಗೆ ಮಾತ್ರ ಬರುತ್ತಿರಲಿಲ್ಲ. ವಿಚಾರಿಸಲು ಬಂದ ಅಧಿಕಾರಿಗಳಿಗೂ, ಸಮಾಧಾನ ಹೇಳಲು ಹೋದ ನಮಗೂ ಅವರಿಂದ ಒಂದು ಅಕ್ಷರ ಸಿಕ್ಕಿರಲಿಲ್ಲ. ಐದನೆಯ ದಿನ ಸಂಜೆ ಹೆಮ್ಮೆತ್ತಾಳು ಕಡೆಯ ಇನ್ನೊಬ್ಬ ಹೆಂಗಸು, ತಾನೂ ಮನೆ ಕಳೆದುಕೊಂಡವರು, ಪಕ್ಕದಲ್ಲಿ ಕುಳಿತು ಕೇಳಿದರು: "ಅಕ್ಕಾ, ನಿಮ್ಮಲ್ಲಿ ಗುಡ್ಡ ಬರುವ ಮುಂಚೆ ಸದ್ದು ಬಂತಾ?" ಸ್ವಲ್ಪ ಹೊತ್ತು ಸುಮ್ಮನಿದ್ದು ಅವರು ಹೇಳಿದರು: "ಬಂತು. ಲಾರಿಯಿಂದ ಜಲ್ಲಿ ಸುರಿದ ಹಾಗೆ." ಅಲ್ಲಿಂದ ಮುಂದೆ ಒಂದು ಗಂಟೆ ಅವರಿಬ್ಬರೂ ಮಾತನಾಡಿದರು, ಸುತ್ತ ಇನ್ನೂ ಆರೇಳು ಜನ ಬಂದು ಕುಳಿತರು. ನಮ್ಮೆಲ್ಲರ ಸಾಂತ್ವನದಿಂದ ಆಗದೇ ಇದ್ದದ್ದು ಅದೇ ಅನುಭವವಿದ್ದ ಒಬ್ಬರ ಒಂದು ಪ್ರಶ್ನೆಯಿಂದ ಆಯಿತು. ಅದನ್ನು ನಾನು ಚಿಕಿತ್ಸೆ ಎಂದು ಕರೆಯುವುದಿಲ್ಲ. ಆದರೆ ಗುಂಪು ಮನೋಚಿಕಿತ್ಸೆ ಹುಟ್ಟಿದ್ದು ಇಂಥದ್ದೊಂದು ಗಳಿಗೆಯನ್ನು ಒಬ್ಬ ವೈದ್ಯರು ಗಮನಿಸಿದ್ದರಿಂದಲೇ, ಮತ್ತು ಆ ವೈದ್ಯರು ಮನೋವೈದ್ಯರೇ ಆಗಿರಲಿಲ್ಲ.

(ದೃಶ್ಯ: ಬಾಸ್ಟನ್ ನಗರದ ಹಳೆಯ ಛಾಯಾಚಿತ್ರಗಳು. ಪರದೆಯ ಮೇಲೆ: 1905.)

ಅವರ ಹೆಸರು ಜೋಸೆಫ್ ಪ್ರ್ಯಾಟ್. ಅಮೆರಿಕದ ಬಾಸ್ಟನ್ ನಗರದ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ಸಾಮಾನ್ಯ ರೋಗಗಳ ವೈದ್ಯರಾಗಿದ್ದರು. ಕ್ಷಯರೋಗದ ಬ್ಯಾಕ್ಟೀರಿಯಾವನ್ನು ರಾಬರ್ಟ್ ಕಾಖ್ 1882ರಲ್ಲೇ ಗುರುತಿಸಿದ್ದರೂ ಅದನ್ನು ಕೊಲ್ಲುವ ಔಷಧ ಇನ್ನೂ ಇರಲಿಲ್ಲ; ಸ್ಟ್ರೆಪ್ಟೊಮೈಸಿನ್ ಸಿಕ್ಕಿದ್ದು 1943ರಲ್ಲಿ. ಅಲ್ಲಿಯವರೆಗೆ ವೈದ್ಯರು ಹೇಳಬಹುದಾಗಿದ್ದುದು ಮೂರೇ ಮಾತು: ವಿಶ್ರಾಂತಿ ತೆಗೆದುಕೊಳ್ಳಿ, ಚೆನ್ನಾಗಿ ಊಟ ಮಾಡಿ, ಹಗಲೂ ರಾತ್ರಿಯೂ ಹೊರಗಿನ ಗಾಳಿಯಲ್ಲಿರಿ. ಹಣವಿದ್ದವರು ಬೆಟ್ಟದ ಮೇಲಿನ ಆರೋಗ್ಯಧಾಮಗಳಿಗೆ ಹೋಗುತ್ತಿದ್ದರು. ಪ್ರ್ಯಾಟ್ ಅವರ ಬಳಿ ಬರುತ್ತಿದ್ದವರು ಇಕ್ಕಟ್ಟಿನ ವಠಾರಗಳಲ್ಲಿದ್ದ ಬಡವರು. ಅವರಿಗೆ ಆರೋಗ್ಯಧಾಮವೂ ಇಲ್ಲ, ದಿನವೂ ಮನೆಗೆ ಬಂದು ನೋಡುವ ವೈದ್ಯರೂ ಇಲ್ಲ.

1905ರ ಜುಲೈಯಲ್ಲಿ ಪ್ರ್ಯಾಟ್ ಒಂದು ಏರ್ಪಾಡು ಮಾಡಿದರು. ಇಮ್ಯಾನ್ಯುಯೆಲ್ ಚರ್ಚ್ ಖರ್ಚಿಗೆ ನೆರವಾಯಿತು. ಇಪ್ಪತ್ತರ ಆಸುಪಾಸಿನಷ್ಟು ರೋಗಿಗಳನ್ನು ಸೇರಿಸಿ, ಅದನ್ನು ಅವರು 'ತರಗತಿ' ಎಂದು ಕರೆದರು. ರೋಗಿಗಳು ತಮ್ಮ ವಠಾರದ ಮಹಡಿಯ ಮೇಲೋ ಹಿತ್ತಿಲಿನಲ್ಲೋ ಡೇರೆ ಹಾಕಿಕೊಂಡು ಮಲಗಬೇಕಿತ್ತು, ಬಾಸ್ಟನ್ನಿನ ಹಿಮ ಬೀಳುವ ಚಳಿಯಲ್ಲಿಯೂ. ಮಡಿಕೇರಿಯ ಜನವರಿಯಲ್ಲಿ ಕಿಟಕಿ ತೆರೆದಿಡಲು ಹಿಂಜರಿಯುವ ನಮಗೆ ಅದರ ಕಷ್ಟ ಸ್ವಲ್ಪಮಟ್ಟಿಗೆ ಅರ್ಥವಾಗಬಹುದು. ಪ್ರತಿಯೊಬ್ಬರಿಗೂ ಒಂದು ನೋಟ್ ಪುಸ್ತಕವಿತ್ತು. ಜ್ವರ ಎಷ್ಟು, ನಾಡಿ ಎಷ್ಟು, ಏನು ತಿಂದರು, ಎಷ್ಟು ಹೊತ್ತು ಹೊರಗಿದ್ದರು ಎಂಬುದನ್ನು ದಿನವೂ ಅವರೇ ಬರೆದಿಡಬೇಕಿತ್ತು. ನಡುನಡುವೆ ಒಬ್ಬ ಸಂದರ್ಶಕಿ ಮನೆಗೆ ಬಂದು ನೋಡಿ ಹೋಗುತ್ತಿದ್ದರು. ವಾರಕ್ಕೊಮ್ಮೆ ಎಲ್ಲರೂ ಒಂದೆಡೆ ಸೇರಿ, ತೂಕ ನೋಡಿಸಿಕೊಂಡು, ಪುಸ್ತಕ ತೋರಿಸಿ, ಪ್ರ್ಯಾಟ್ ಅವರ ಮಾತು ಕೇಳಿ ಮನೆಗೆ ಹೋಗುತ್ತಿದ್ದರು.

ಇಲ್ಲಿಯವರೆಗೆ ಇದರಲ್ಲಿ ಮನಸ್ಸಿನ ಚಿಕಿತ್ಸೆ ಎಂಬುದು ಎಲ್ಲಿಯೂ ಇಲ್ಲ. ಇಪ್ಪತ್ತು ಜನರಿಗೆ ಇಪ್ಪತ್ತು ಸಲ ಹೇಳುವುದನ್ನು ಒಂದೇ ಸಲ ಹೇಳಿದರೆ ಸಮಯ ಉಳಿಯುತ್ತದೆ ಎಂಬುದಷ್ಟೇ ಲೆಕ್ಕಾಚಾರ. ಆದರೆ ವಾರಗಳು ಕಳೆದಂತೆ ಪ್ರ್ಯಾಟ್ ಅವರ ಕಣ್ಣಿಗೆ ಬೇರೆಯೇ ಒಂದು ಸಂಗತಿ ಬಿತ್ತು. ಸೇರಿದ್ದವರು ಬೇರೆ ಬೇರೆ ಜನಾಂಗದವರು, ಬೇರೆ ಬೇರೆ ಪಂಥದವರು. ಬೀದಿಯಲ್ಲಿ ಎದುರಾದರೆ ಮಾತನಾಡಿಸಿಕೊಳ್ಳದಿದ್ದವರು. ಒಂದೇ ರೋಗ ಅವರ ನಡುವೆ ನಂಟು ಬೆಸೆದಿತ್ತು. ಇಲ್ಲಿ ಅವರು ನಗುನಗುತ್ತಾ ಕುಳಿತಿರುತ್ತಿದ್ದರು. ತಮ್ಮ ರೋಗಲಕ್ಷಣಗಳ ಬಗ್ಗೆ ಅವರು ಚರ್ಚಿಸುತ್ತಲೇ ಇರಲಿಲ್ಲವೆಂದು ಪ್ರ್ಯಾಟ್ ಬರೆದಿದ್ದಾರೆ. ಹೋದ ತಿಂಗಳು ಮೂಳೆ ಚಕ್ಕಳವಾಗಿದ್ದವನು ಈ ತಿಂಗಳು ತೂಕ ಹೆಚ್ಚಿಸಿಕೊಂಡು ಎದುರಿಗೆ ನಿಂತಿದ್ದನ್ನು ನೋಡಿದ ಹೊಸಬನಿಗೆ, ವೈದ್ಯರ ನೂರು ಮಾತು ಕೊಡಲಾರದ ಭರವಸೆ ಸಿಗುತ್ತಿತ್ತು.

ಇದೇಕೆ ಹೀಗೆ ಎಂದು ಯೋಚಿಸುವಾಗಲೆಲ್ಲ ನನಗೆ ನಮ್ಮ ಮಳೆಗಾಲದ ಒಲೆ ನೆನಪಾಗುತ್ತದೆ. ಸೌದೆ ಒಲೆ ಇರುವ ಮನೆಯವರಿಗೆ ಇದು ಗೊತ್ತು. ಜುಲೈ ತಿಂಗಳಲ್ಲಿ, ಅಟ್ಟದ ಮೇಲಿನ ಒಣ ಸೌದೆ ಮುಗಿದ ಮೇಲೆ, ಕಾಫಿ ಗಿಡದ ರೆಂಬೆಯೋ ಸಿಲ್ವರ್ ಓಕಿನ ತುಂಡೋ, ಸಿಕ್ಕಿದ್ದನ್ನು ಒಲೆಗೆ ಇಡುತ್ತೇವೆ. ಎಲ್ಲವೂ ಹಸಿ. ಒಂದೇ ಕೊಳ್ಳಿಯನ್ನು ಇಟ್ಟು ಎಷ್ಟು ಊದಿದರೂ ಹೊಗೆ ಬರುತ್ತದೆ, ತುದಿಯಲ್ಲಿ ನೀರು ಜಿನುಗುತ್ತದೆ, ಕೆಂಡ ಕಪ್ಪಾಗುತ್ತದೆ. ಅಂಥವೇ ನಾಲ್ಕು ಕೊಳ್ಳಿಗಳನ್ನು ತುದಿಗೆ ತುದಿ ಸೇರಿಸಿ ಇಟ್ಟರೆ, ಸ್ವಲ್ಪ ಹೊತ್ತಿನಲ್ಲಿ ಒಂದರ ಕಾವಿಗೆ ಇನ್ನೊಂದು ಒಣಗಿ, ಅದರ ಕಾವಿಗೆ ಮೊದಲನೆಯದು ಹೊತ್ತಿಕೊಳ್ಳುತ್ತದೆ. ಗಮನಿಸಿ, ಅಲ್ಲಿ ಒಣಗಿದ ಸೌದೆ ಒಂದೂ ಇರಲಿಲ್ಲ. ಗುಂಪಿನಲ್ಲಿ ಕುಳಿತವರಲ್ಲಿ ಯಾರೂ ವಾಸಿಯಾದವರಾಗಿರಬೇಕಿಲ್ಲ, ಯಾರೂ ಜಾಣರಾಗಿರಬೇಕಿಲ್ಲ. ಆದರೆ ಸೌದೆಯನ್ನು ಜೋಡಿಸುವ ಕೈ ಒಂದು ಬೇಕು. ತೀರಾ ಒತ್ತಿ ತುರುಕಿದರೆ ಗಾಳಿಯಾಡದೆ ಮನೆಯೆಲ್ಲ ಹೊಗೆ; ತೀರಾ ದೂರವಿಟ್ಟರೆ ಒಂದೊಂದೇ ಆರಿಹೋಗುತ್ತದೆ. ನನ್ನ ಅಜ್ಜಿ ಒಲೆಯ ಮುಂದೆ ಕುಳಿತು ಆಗಾಗ ಕೊಳ್ಳಿಯನ್ನು ಎರಡು ಬೆರಳಿನಷ್ಟು ಹಿಂದಕ್ಕೋ ಮುಂದಕ್ಕೋ ಸರಿಸುತ್ತಿದ್ದರು. ಊದುಕೊಳವೆಯನ್ನು ಅವರು ಮುಟ್ಟುತ್ತಿದ್ದುದೇ ಅಪರೂಪ. ಗುಂಪಿನ ಚಿಕಿತ್ಸಕರ ಕೆಲಸವೂ ಬಹುಪಾಲು ಅದೇ. ಕಟ್ಟೆಯ ಮೇಲಿನ ಹರಟೆಗೂ ಚಿಕಿತ್ಸೆಯ ಗುಂಪಿಗೂ ಇರುವ ವ್ಯತ್ಯಾಸವನ್ನು ನಾನು ಆ ಕೈಯಲ್ಲಿ ಕಾಣುತ್ತೇನೆ.

ಪ್ರ್ಯಾಟ್ ಇದನ್ನು ಅಲ್ಲಿಗೇ ಬಿಡಲಿಲ್ಲ. ಇಪ್ಪತ್ತೈದು ವರ್ಷಗಳ ನಂತರ, 1930ರಲ್ಲಿ, ಬಾಸ್ಟನ್ ಡಿಸ್ಪೆನ್ಸರಿಯಲ್ಲಿ ಇನ್ನೊಂದು ತರಗತಿ ತೆರೆದರು. ಈ ಸಲ ಬಂದವರು ಹೊಟ್ಟೆನೋವು, ಎದೆನೋವು, ಸುಸ್ತು ಎಂದು ಅಲೆದು, ಯಾವ ಪರೀಕ್ಷೆಯಲ್ಲೂ ದೇಹದ ರೋಗ ಕಾಣಿಸದೆ ವಾಪಸಾದವರು. ಕ್ಷಯದ ರೋಗಿಗಳಿಂದ ಕಲಿತದ್ದನ್ನು ಅವರು ನೇರವಾಗಿ ಮನಸ್ಸಿನ ಸಂಕಟಕ್ಕೆ ಅನ್ವಯಿಸಿದ್ದು ಇಲ್ಲಿ.

(ದೃಶ್ಯ: ಭೂಪಟ. ಬಾಸ್ಟನ್, ವಾಷಿಂಗ್ಟನ್, ವಿಯೆನ್ನಾ.)

ಈ ನಡುವೆ ಇತರರೂ ಬೇರೆ ಬೇರೆ ದಾರಿಯಿಂದ ಇದೇ ಕಡೆಗೆ ಬರುತ್ತಿದ್ದರು. ವಾಷಿಂಗ್ಟನ್ನಿನ ಸೇಂಟ್ ಎಲಿಜಬೆತ್ಸ್ ಆಸ್ಪತ್ರೆಯಲ್ಲಿ ಎಡ್ವರ್ಡ್ ಲಾಜೆಲ್ ಮೊದಲ ಮಹಾಯುದ್ಧ ಮುಗಿದ ಹೊಸತರಲ್ಲಿ ಸ್ಕಿಜೋಫ್ರೇನಿಯಾ, ಅಂದರೆ ಭ್ರಮೆಗಳು ಕಾಡುವ ತೀವ್ರ ಮನೋರೋಗ, ಇದ್ದ ರೋಗಿಗಳನ್ನು ಗುಂಪಾಗಿ ಕೂರಿಸಿ ಅವರ ಕಾಯಿಲೆಯ ಬಗ್ಗೆಯೇ ಉಪನ್ಯಾಸ ಕೊಟ್ಟರು. ಪಾದ್ರಿಯಾಗಿದ್ದು ನಂತರ ಮನೋವೈದ್ಯರಾದ ಕೋಡಿ ಮಾರ್ಷ್, ಜನಸಮೂಹದಿಂದಲೇ ಮುರಿದುಹೋದವರು ಜನಸಮೂಹದಿಂದಲೇ ವಾಸಿಯಾಗಬೇಕು ಎಂದರು. ರೋಗಿಯನ್ನು ಮಾತನಾಡಿಸುತ್ತಾ ಮನಸ್ಸಿನ ಆಳವನ್ನು ಬಿಡಿಸಿ ನೋಡುವ ಮನೋವಿಶ್ಲೇಷಕರಲ್ಲಿ ಒಬ್ಬರಾದ ಟ್ರೈಗಂಟ್ ಬರೋ ಅವರದು ಇವೆಲ್ಲಕ್ಕಿಂತ ಧೈರ್ಯದ ಹೆಜ್ಜೆ. ಅವರ ಬಳಿ ವಿಶ್ಲೇಷಣೆಗೆ ಬರುತ್ತಿದ್ದ ಶಿಷ್ಯನೊಬ್ಬ, ನೀವು ನನ್ನ ಕುರ್ಚಿಗೆ ಬನ್ನಿ, ನಾನು ನಿಮ್ಮ ಕುರ್ಚಿಗೆ ಬರುತ್ತೇನೆ ಎಂದು ಸವಾಲು ಹಾಕಿದಾಗ ಬರೋ ಒಪ್ಪಿಕೊಂಡರು. ಅಧಿಕಾರ ಒಬ್ಬರ ಕೈಯಲ್ಲೇ ಇದ್ದರೆ ಇಬ್ಬರಿಗೂ ತಮ್ಮ ಕುರುಡು ಕಾಣುವುದಿಲ್ಲವೆಂದು ಅವರಿಗೆ ಆ ಅನುಭವದಿಂದ ಮನವರಿಕೆಯಾಗಿ, 1920ರ ದಶಕದಲ್ಲಿ ಗುಂಪಿನ ವಿಶ್ಲೇಷಣೆಯ ಕಡೆಗೆ ಹೊರಳಿದರು. 1926ರಲ್ಲಿ ಅವರು ಅಮೆರಿಕದ ಮನೋವಿಶ್ಲೇಷಕರ ಸಂಘದ ಅಧ್ಯಕ್ಷರಾಗಿದ್ದರು. ಕೆಲವೇ ವರ್ಷಗಳಲ್ಲಿ ಅದೇ ಸಂಘ ಅವರನ್ನು ಹೊರಗಿಟ್ಟಿತು. ಇದು ಅನ್ಯಾಯವೆಂದೇ ನನ್ನ ಅಭಿಪ್ರಾಯ.

ಯೂರೋಪಿನಲ್ಲಿ ಆ ಕಾಲದ ವಿದ್ವಾಂಸರು ಗುಂಪು ಎಂದರೆ ಹೆದರುತ್ತಿದ್ದರು. ಗುಂಪಿನಲ್ಲಿ ಸೇರಿದ ಮನುಷ್ಯ ವಿವೇಕ ಕಳೆದುಕೊಳ್ಳುತ್ತಾನೆ ಎಂದು ಫ್ರಾನ್ಸಿನ ಗುಸ್ತಾವ್ ಲ ಬೋನ್ 1895ರಲ್ಲಿ ಬರೆದಿದ್ದರು. ಮನೋವಿಶ್ಲೇಷಣೆಯ ಜನಕ ಫ್ರಾಯ್ಡ್ ಕೂಡ 1921ರಲ್ಲಿ ಗುಂಪಿನ ಮನಸ್ಸಿನ ಬಗ್ಗೆ ಬರೆಯುವಾಗ ಅಲ್ಲಿಂದಲೇ ಶುರುಮಾಡಿದರು. ಅಂಥ ಹೊತ್ತಿನಲ್ಲಿ ವಿಯೆನ್ನಾದ ಜೇಕಬ್ ಮೊರೆನೊ ಗುಂಪಿನಲ್ಲಿ ಔಷಧವನ್ನು ಹುಡುಕುತ್ತಿದ್ದರು. ಮೊದಲು ನಗರದ ವೇಶ್ಯೆಯರನ್ನು ಸಣ್ಣ ಸಣ್ಣ ಗುಂಪುಗಳಲ್ಲಿ ಸೇರಿಸಿ ಮಾತನಾಡಿಸಿದರು. ಅವರಲ್ಲಿ ಒಬ್ಬಳ ಕಷ್ಟಕ್ಕೆ ಇನ್ನೊಬ್ಬಳು ಆಗುತ್ತಾಳೆ ಎಂಬುದನ್ನು ಕಂಡರು. ಆಮೇಲೆ ಮೊದಲ ಮಹಾಯುದ್ಧ ಬಂತು, ಅವರು ವಿಯೆನ್ನಾದ ಹತ್ತಿರದ ಮಿಟ್ಟರ್ನ್‌ಡೋರ್ಫ್ ನಿರಾಶ್ರಿತರ ಶಿಬಿರಕ್ಕೆ ವೈದ್ಯರಾಗಿ ಹೋದರು.

ಈ ಶಿಬಿರದ ಬಗ್ಗೆ ಓದುವಾಗ ನನ್ನ ಕಣ್ಣ ಮುಂದೆ ನಮ್ಮ 2018 ಬಂದು ನಿಂತಿತು. ಗಡಿಯಲ್ಲಿ ಯುದ್ಧ ಶುರುವಾದ್ದರಿಂದ ಟೈರೋಲ್ ಬೆಟ್ಟಸೀಮೆಯ ಸಾವಿರಾರು ರೈತರನ್ನು ಮನೆ ಬಿಡಿಸಿ ಅಲ್ಲಿಗೆ ತಂದಿದ್ದರು. ಯಾರ ಪಕ್ಕದಲ್ಲಿ ಯಾರು ಇರಬೇಕೆಂದು ಯಾರೂ ಅವರನ್ನು ಕೇಳಿರಲಿಲ್ಲ. ಖಾಲಿ ಇದ್ದ ಕಡೆ ಕುಟುಂಬಗಳನ್ನು ಇಳಿಸಿದ್ದರು. ಸೂರೂ ಊಟವೂ ಇದ್ದರೂ ಜಗಳ, ದ್ವೇಷ, ಮಂಕು ಹೆಚ್ಚುತ್ತಲೇ ಇದ್ದವು. ಜನರು ಯಾರ ಜೊತೆ ಇರಲು ಬಯಸುತ್ತಾರೋ ಅದನ್ನು ಕೇಳಿ ತಿಳಿದು ಅದರಂತೆ ಮನೆಗಳನ್ನು ಹಂಚಬೇಕೆಂದು ಮೊರೆನೊ ಸರ್ಕಾರಕ್ಕೆ ಸಲಹೆ ಬರೆದರು. ಗುಂಪಿನೊಳಗಿನ ಒಲವು ಮತ್ತು ವಿಮುಖತೆಗಳನ್ನು ಅಳೆಯುವ ಅವರ ವಿಧಾನಕ್ಕೆ ಬೀಜ ಬಿದ್ದದ್ದು ಅಲ್ಲಿ. ಕಾಲೂರು, ಮುಕ್ಕೋಡ್ಲು, ಜೋಡುಪಾಲದ ಕುಟುಂಬಗಳು ಊರು ಬಿಟ್ಟು ಒಂದೇ ಹಾಲಿನಲ್ಲಿ ಚಾಪೆ ಹಾಸಿಕೊಂಡ ದಿನಗಳನ್ನು ಕಂಡವರು, ನೆರೆಯವರು ಯಾರೆಂಬುದು ಎಷ್ಟು ದೊಡ್ಡ ವಿಷಯವೆಂದು ಬಲ್ಲರು.

1920ರ ದಶಕದಲ್ಲಿ ಮೊರೆನೊ ಅಮೆರಿಕಕ್ಕೆ ಹೋದರು. ರೋಗಿಗಳು ತಮ್ಮ ಬದುಕಿನ ಪ್ರಸಂಗವನ್ನು ವೇದಿಕೆಯ ಮೇಲೆ ಅಭಿನಯಿಸಿ ನೋಡುವ ಮನೋನಾಟಕ ಅವರದೇ ಕಾಣಿಕೆ. ಗುಂಪು ಮನೋಚಿಕಿತ್ಸೆ ಎಂಬ ಹೆಸರನ್ನು 1930ರ ದಶಕದ ಆರಂಭದಲ್ಲಿ ಚಲಾವಣೆಗೆ ತಂದವರೂ ಅವರೇ. ಅದೇ ದಶಕದಲ್ಲಿ ನ್ಯೂಯಾರ್ಕಿನಲ್ಲಿ ಸ್ಯಾಮ್ಯುಯೆಲ್ ಸ್ಲಾವ್ಸನ್, ವೃತ್ತಿಯಿಂದ ಎಂಜಿನಿಯರ್, ತೊಂದರೆಗೊಳಗಾದ ಮಕ್ಕಳಿಗೆ ಬಣ್ಣ, ಮರ, ಸುತ್ತಿಗೆ ಕೊಟ್ಟು ಗುಂಪಾಗಿ ಕೆಲಸ ಮಾಡಲು ಬಿಟ್ಟು, ಆ ಮಕ್ಕಳು ಪರಸ್ಪರ ಬದಲಾಗುವುದನ್ನು ಗಮನಿಸಿದರು. ಮೊರೆನೊ, ಸ್ಲಾವ್ಸನ್ ಇಬ್ಬರಿಗೂ ಒಬ್ಬರನ್ನೊಬ್ಬರು ಕಂಡರೆ ಆಗುತ್ತಿರಲಿಲ್ಲ. 1940ರ ದಶಕದ ಆರಂಭದಲ್ಲಿ ಇಬ್ಬರೂ ತಮ್ಮ ತಮ್ಮ ಸಂಘಗಳನ್ನು ಬೇರೆ ಬೇರೆಯಾಗಿ ಕಟ್ಟಿದರು.

ಸೋಮವಾರಪೇಟೆಯ ಪ್ರಶ್ನೆಗೆ ನೇರವಾಗಿ ಸಂಬಂಧಪಟ್ಟ ಘಟನೆ ನಡೆದದ್ದು 1935ರಲ್ಲಿ, ಓಹಾಯೋ ರಾಜ್ಯದ ಆಕ್ರನ್ ಪಟ್ಟಣದಲ್ಲಿ. ಕುಡಿತ ಬಿಡಲು ಹೆಣಗುತ್ತಿದ್ದ ಷೇರು ವ್ಯವಹಾರದ ಒಬ್ಬ ವ್ಯಕ್ತಿಯೂ, ಅದೇ ಹೆಣಗಾಟದಲ್ಲಿದ್ದ ಒಬ್ಬ ಶಸ್ತ್ರವೈದ್ಯರೂ ಭೇಟಿಯಾಗಿ, ಒಬ್ಬ ಕುಡುಕನ ಮಾತು ಇನ್ನೊಬ್ಬ ಕುಡುಕನಿಗೆ ತಟ್ಟುವಂತೆ ಬೇರೆ ಯಾರ ಮಾತೂ ತಟ್ಟುವುದಿಲ್ಲವೆಂದು ಕಂಡುಕೊಂಡರು. ಕುಡಿತ ಬಿಡಲು ಬಯಸುವವರ ಆಲ್ಕೊಹಾಲಿಕ್ಸ್ ಅನಾನಿಮಸ್ ಕೂಟ ಹುಟ್ಟಿದ್ದು ಹಾಗೆ. ಅಲ್ಲಿ ಚಿಕಿತ್ಸಕರೇ ಇರುವುದಿಲ್ಲ, ಮನೆಹೆಸರನ್ನು ಯಾರೂ ಕೇಳುವುದಿಲ್ಲ.

(ದೃಶ್ಯ: ಬರ್ಮಿಂಗ್‌ಹ್ಯಾಮ್. ಪರದೆಯ ಮೇಲೆ: 1942-43.)

ಎರಡನೆಯ ಮಹಾಯುದ್ಧ ಬಂದಾಗ ಕೊರತೆ ಮತ್ತೆ ದಾರಿ ತೋರಿಸಿತು. ಮನಸ್ಸು ಕುಸಿದ ಸೈನಿಕರು ಸಾವಿರಾರು, ಮನೋವೈದ್ಯರು ಕೈಬೆರಳೆಣಿಕೆಯಷ್ಟು. ಇಂಗ್ಲೆಂಡಿನ ನಾರ್ತ್‌ಫೀಲ್ಡ್ ಸೈನಿಕ ಆಸ್ಪತ್ರೆಯ ತರಬೇತಿ ವಿಭಾಗವನ್ನು ಮನೋವೈದ್ಯ ವಿಲ್ಫ್ರೆಡ್ ಬಿಯಾನ್ ವಹಿಸಿಕೊಂಡರು. ಅವರು ಹುಟ್ಟಿದ್ದು ನಮ್ಮ ಮಥುರಾದಲ್ಲಿ, 1897ರಲ್ಲಿ. ಮೊದಲ ಮಹಾಯುದ್ಧದಲ್ಲಿ ಟ್ಯಾಂಕ್ ದಳದ ಅಧಿಕಾರಿಯಾಗಿದ್ದವರು. ಗಲೀಜು, ಅಶಿಸ್ತು, ಕೆಲಸಗಳ್ಳತನ ತುಂಬಿದ್ದ ಆ ವಿಭಾಗದಲ್ಲಿ ಅವರು ಯಾರಿಗೂ ಶಿಕ್ಷೆ ಕೊಡಲಿಲ್ಲ. ಪ್ರತಿಯೊಬ್ಬನೂ ಯಾವುದಾದರೊಂದು ಗುಂಪಿಗೆ ಸೇರಬೇಕು, ದಿನವೂ ಮಧ್ಯಾಹ್ನ 12 ಗಂಟೆ 10 ನಿಮಿಷಕ್ಕೆ ಅರ್ಧ ಗಂಟೆ ಎಲ್ಲರೂ ಸೇರಬೇಕು ಎಂದಷ್ಟೇ ಹೇಳಿ, ತಮ್ಮ ತೊಂದರೆಯನ್ನು ತಾವೇ ನೋಡಿಕೊಳ್ಳಲು ಅವರಿಗೆ ಬಿಟ್ಟರು. ವಿಭಾಗ ಕೊಳಕಾಗಿದೆ ಎಂಬ ದೂರು ಬಂದಾಗ, ಅದರ ಬಗ್ಗೆ ಏನು ಮಾಡಬೇಕೆಂಬುದನ್ನೂ ಸೈನಿಕರೇ ಯೋಚಿಸಬೇಕಾಯಿತು. ಮೇಲಧಿಕಾರಿಗಳು ಆರೇ ವಾರಗಳಲ್ಲಿ ಪ್ರಯೋಗ ನಿಲ್ಲಿಸಿದರು. ಆದರೆ ಬೇರೆಯವರು ಅದೇ ಆಸ್ಪತ್ರೆಯಲ್ಲಿ ಮುಂದುವರಿಸಿದರು. ಅವರಲ್ಲಿ ಜರ್ಮನಿಯಿಂದ ಓಡಿಬಂದಿದ್ದ ಫೌಲ್ಕ್ಸ್ ಮುಖ್ಯರು. ಅವರು ಅದಕ್ಕೂ ಮುಂಚೆ ಎಕ್ಸಿಟರ್ ಪಟ್ಟಣದಲ್ಲಿ, ಒಬ್ಬೊಬ್ಬರಾಗಿ ಬರುತ್ತಿದ್ದ ತಮ್ಮ ರೋಗಿಗಳನ್ನು ಒಂದು ದಿನ ಒಟ್ಟಿಗೆ ಕೂರಿಸಿ ಮಾತನಾಡಲು ಬಿಟ್ಟು ನೋಡಿದ್ದರು. ಅವರು ಕಟ್ಟಿದ ಗುಂಪು ವಿಶ್ಲೇಷಣೆಯ ಪರಂಪರೆ ಇಂದಿಗೂ ಬ್ರಿಟನ್ನಿನಲ್ಲಿ ನಡೆಯುತ್ತಿದೆ.

ಸಮಯ ಮೀರುತ್ತಿರುವುದರಿಂದ ಯುದ್ಧಾನಂತರದ ಕಥೆಯನ್ನು ಒಟ್ಟಿಗೆ ಹೇಳಿಬಿಡುತ್ತೇನೆ. ಮನಶ್ಶಾಸ್ತ್ರಜ್ಞ ಕರ್ಟ್ ಲೆವಿನ್ ಅವರ ಪ್ರಯೋಗಗಳಿಂದ, ಸೇರಿದವರು ತಮ್ಮ ನಡವಳಿಕೆಯನ್ನು ತಾವೇ ಗಮನಿಸಿ ಕಲಿಯುವ ತರಬೇತಿ ಗುಂಪುಗಳು ಬೆಳೆದವು, ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್ ಅಂಥವರಿಂದ 1960ರ ದಶಕದಲ್ಲಿ, ಮನಸ್ಸಿನಲ್ಲಿದ್ದುದನ್ನು ಒಬ್ಬರಿಗೊಬ್ಬರು ಮುಚ್ಚುಮರೆಯಿಲ್ಲದೆ ಹೇಳುವ ಮುಖಾಮುಖಿ ಗುಂಪುಗಳು ಅಮೆರಿಕದಲ್ಲೆಲ್ಲ ಹಬ್ಬಿದವು. ಗುಂಪು ಯಾಕೆ ಗುಣಪಡಿಸುತ್ತದೆ ಎಂಬುದನ್ನು ಅಮೆರಿಕದ ಮನೋವೈದ್ಯ ಇರ್ವಿನ್ ಯಾಲಮ್ 1970ರಲ್ಲಿ ಒಂದು ಪಠ್ಯದಲ್ಲಿ ಬಿಡಿಸಿ ಬರೆದರು. ಅವರು ಗುರುತಿಸಿದ ಅಂಶಗಳಲ್ಲಿ ಒಂದು, ಈ ಕಷ್ಟ ನನ್ನೊಬ್ಬನದಲ್ಲ ಎಂಬ ಅರಿವು; ಇನ್ನೊಂದು, ನನ್ನಿಂದಲೂ ಇನ್ನೊಬ್ಬರಿಗೆ ಉಪಕಾರವಾಗುತ್ತದೆ ಎಂಬ ಅನುಭವ. ತನ್ನಿಂದ ಯಾರಿಗೂ ಏನೂ ಆಗದು ಎಂದುಕೊಂಡು ಮೂಲೆ ಸೇರಿದ ಮನುಷ್ಯನಿಗೆ ಈ ಎರಡನೆಯದು ಎಷ್ಟು ದೊಡ್ಡದೆಂದು ಯೋಚಿಸಿ.

ನಮ್ಮ ದೇಶದಲ್ಲಿ 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯ ಡಾಕ್ಟರ್ ವಿದ್ಯಾಸಾಗರ್, ರೋಗಿಗಳ ಮನೆಯವರನ್ನೂ ಕರೆಸಿ ಆಸ್ಪತ್ರೆಯ ಆವರಣದಲ್ಲಿ ಡೇರೆಗಳಲ್ಲಿ ಇರಿಸಿಕೊಂಡರು. ಬಾಸ್ಟನ್ನಿನ ಮಹಡಿಯ ಡೇರೆಯಲ್ಲಿ ರೋಗಿ ಒಬ್ಬನೇ ಇದ್ದ, ಇಲ್ಲಿ ಅಮ್ಮನೋ ಅಣ್ಣನೋ ಜೊತೆಗಿದ್ದರು. ಆ ಕುಟುಂಬಗಳು ಒಬ್ಬರನ್ನೊಬ್ಬರು ನೋಡಿ, ಒಟ್ಟಿಗೆ ಕುಳಿತು ಮಾತನಾಡಿ, ಹುಚ್ಚು ಎಂದು ಕೈಬಿಟ್ಟಿದ್ದ ತಮ್ಮವರನ್ನು ಮನೆಗೆ ಕರೆದುಕೊಂಡು ಹೋದರು. ಪಶ್ಚಿಮದಿಂದ ಎರವಲು ತಂದ ಯಾವ ಗುಂಪಿಗಿಂತಲೂ ಇದು ನಮಗೆ ಹತ್ತಿರದ ಮಾದರಿ ಎಂದು ನಾನು ನಂಬಿದ್ದೇನೆ.

ಇನ್ನೊಂದು ಮಾದರಿ ಉಗಾಂಡಾದ ಹಳ್ಳಿಗಳದು. ಅಲ್ಲಿ 30 ಹಳ್ಳಿಗಳಲ್ಲಿ ನಡೆದ ಅಧ್ಯಯನ 2003ರಲ್ಲಿ ಪ್ರಕಟವಾಯಿತು. ಗುಂಪು ನಡೆಸಿದವರು ವೈದ್ಯರಲ್ಲ, ತರಬೇತಿ ಪಡೆದ ಸ್ಥಳೀಯರು. ಗಂಡಸರಿಗೆ ಬೇರೆ ಗುಂಪು, ಹೆಂಗಸರಿಗೆ ಬೇರೆ ಗುಂಪು, ವಾರಕ್ಕೆ ಒಂದೂವರೆ ಗಂಟೆಯಂತೆ 16 ವಾರ. ಗುಂಪಿನಲ್ಲಿದ್ದವರಲ್ಲಿ ಖಿನ್ನತೆ ಶೇಕಡ 86ರಿಂದ ಶೇಕಡ 6.5ಕ್ಕೆ ಇಳಿಯಿತು, ಗುಂಪಿಲ್ಲದ ಹಳ್ಳಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಹಾಗೆಯೇ ಉಳಿದರು. ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ಈ ವಿಧಾನದ ಕೈಪಿಡಿಯನ್ನೇ ಹೊರತಂದಿತು.

(ನಿರೂಪಕರು ನೇರವಾಗಿ ಕ್ಯಾಮೆರಾ ಕಡೆಗೆ.)

ಈಗ ಮಾನದ ಪ್ರಶ್ನೆಗೆ ಬರೋಣ. ಕೊಡಗು ಚಿಕ್ಕ ಜಿಲ್ಲೆ. ಯಾವ ತೋಟ ಯಾರದು, ಯಾರ ಮನೆಯ ಹೆಣ್ಣು ಯಾವ ಮನೆಗೆ ಹೋಗಿದ್ದಾಳೆ ಎಂಬುದು ಎಲ್ಲರಿಗೂ ಗೊತ್ತು. ಇಲ್ಲಿ ಹತ್ತು ಜನ ಸೇರಿದರೆ ಇಬ್ಬರಾದರೂ ನೆಂಟರಾಗಿರುತ್ತಾರೆ. ಆದ್ದರಿಂದ ನಿಮ್ಮ ಅಣ್ಣನವರ ಹಿಂಜರಿಕೆಯನ್ನು ಹಟವೆಂದು ದಯವಿಟ್ಟು ತಳ್ಳಿಹಾಕಬೇಡಿ. ಗುಂಪಿನಲ್ಲಿ ಕೇಳಿದ್ದು ಹೊರಗೆ ಹೋಗಬಾರದೆಂಬುದು ಈ ಚಿಕಿತ್ಸೆಯ ಮೂಲ ಕರಾರು. ಆ ಕರಾರನ್ನು ಅಲ್ಲಿ ಹೇಗೆ ಕಾಪಾಡುತ್ತಾರೆ, ಪರಿಚಯದವರು ಗುಂಪಿನಲ್ಲಿದ್ದರೆ ಏನು ಮಾಡುತ್ತಾರೆ ಎಂದು ಸೇರುವ ಮೊದಲೇ ವೈದ್ಯರನ್ನು ಕೇಳುವ ಹಕ್ಕು ನಿಮಗಿದೆ. ಬೇಕಾದರೆ ಬೇರೆ ತಾಲ್ಲೂಕಿನ ಗುಂಪನ್ನು ಕೇಳಿ. ವಿರಾಜಪೇಟೆಯವರು ಕುಶಾಲನಗರಕ್ಕೆ, ಸೋಮವಾರಪೇಟೆಯವರು ಹಾಸನಕ್ಕೆ ಹೋದರೂ ತಪ್ಪೇನಿಲ್ಲ. ಯಾರ ಬಳಿ ಹೋಗಬೇಕೆಂದೇ ತಿಳಿಯದವರು ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲಿಯೇ ವಿಚಾರಿಸಬಹುದು.

ಮೊದಲ ದಿನ ಅವರು ತಮ್ಮ ಕಥೆ ಹೇಳಲೇಬೇಕೆಂದಿಲ್ಲ. ಗೋಡೆಗೆ ಒರಗಿ ಸುಮ್ಮನೆ ಕುಳಿತು, ಇನ್ನೊಬ್ಬರು ಹೇಳುವುದನ್ನು ಕೇಳಿ ಎದ್ದು ಬರಲಿ. ಮುಂದಿನ ವಾರವೂ ಹಾಗೆಯೇ ಆಗಲಿ. ಒಂದು ದಿನ ಪಕ್ಕದ ಕುರ್ಚಿಯವರು ತಿರುಗಿ, ಬೆಳಿಗ್ಗೆ ಎದ್ದಾಗ ನಿಮಗೂ ಕೈ ನಡುಗುತ್ತಿತ್ತಾ ಅಣ್ಣಾ ಎಂದು ಕೇಳುತ್ತಾರೆ.